ಮಳೆಗಾಲದ ಏಳುನೂರು ವಾಟ್: ಹಳ್ಳದ ಟರ್ಬೈನ್ ರಿಪೇರಿಯ ದಾಖಲೆ

ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಬೆಟ್ಟದಿಂದ ಇಳಿಯುವ ಒಂದು ಹಳ್ಳ. ಜೂನ್‌ನಿಂದ ಜನವರಿಯವರೆಗೆ ಅದರಲ್ಲಿ ನೀರು, ಫೆಬ್ರವರಿಯಲ್ಲಿ ಬರಿಯ ಜಿನುಗು, ಏಪ್ರಿಲ್‌ನಲ್ಲಿ ಕಲ್ಲು. ಈ ಹಳ್ಳಕ್ಕೆ ಚಿಕ್ಕಪ್ಪ ಹದಿನೈದು ವರ್ಷದ ಹಿಂದೆ ಸಬ್ಸಿಡಿಯಲ್ಲಿ ಒಂದು ಕಿಲೋವಾಟಿನ ಪುಟ್ಟ ಟರ್ಬೈನ್ ಹಾಕಿಸಿದ್ದರು. ಮೊದಲ ಕೆಲವು ಮಳೆಗಾಲ ಚೆನ್ನಾಗಿ ಓಡಿತು, ನಂತರ ಕುಂಟಿತು, ಎರಡು ವರ್ಷದ ಹಿಂದೆ ಸಿಡಿಲಿಗೆ ಕಂಟ್ರೋಲರ್ ಸುಟ್ಟ ಮೇಲೆ ನಿಂತೇಬಿಟ್ಟಿತು. ಈ ಬೇಸಿಗೆಯಲ್ಲಿ ಅದನ್ನು ಪೂರ್ತಿ ಬಿಚ್ಚಿ, ಕೆಟ್ಟದ್ದನ್ನು ಬದಲಿಸಿ ಮತ್ತೆ ಓಡಿಸಿದೆವು. ಹಳ್ಳ ಇರುವ ಮನೆಯವರಿಗೆ ಬೇಕಾಗಬಹುದೆಂದು ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಸೋಲಾರ್ ಹಾಕಿಸಿದರೆ ಮುಗಿಯಿತಲ್ಲ ಎಂದು ಪೇಟೆಯ ನೆಂಟರೆಲ್ಲ ಕೇಳುತ್ತಾರೆ. ನಮ್ಮಲ್ಲಿ ಕರೆಂಟ್ ಹೋಗುವುದು ಮಳೆಗಾಲದಲ್ಲಿ, ಸೂರ್ಯ ಕಾಣೆಯಾಗುವುದೂ ಮಳೆಗಾಲದಲ್ಲಿ. ಲಿಂಗನಮಕ್ಕಿಯ ಹಿನ್ನೀರು ನಮ್ಮ ತಾಲ್ಲೂಕಿನ ಊರುಗಳನ್ನು ನುಂಗಿದೆ, ವಾರಾಹಿ ಜಲವಿದ್ಯುತ್ ಯೋಜನೆಗೆ ನೀರು ಕೊಡುವ ಮಾಣಿ ಅಣೆಕಟ್ಟೂ ಇಲ್ಲೇ ಇದೆ. ಲಿಂಗನಮಕ್ಕಿಯ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅಷ್ಟೆಲ್ಲ ಇದ್ದೂ ಆಷಾಢದ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಕೊನೆಯ ಮನೆಯಾದ ನಮಗೆ ಐದಾರು ದಿನ ಕತ್ತಲೆ. ಲೈನ್‌ಮನ್‌ಗಳನ್ನು ದೂರಿ ಫಲವಿಲ್ಲ. ಜಿಗಣೆ ಕಚ್ಚಿಸಿಕೊಂಡು ಆ ಕಾಡಿನಲ್ಲಿ ಮಳೆಯಲ್ಲೇ ಕಂಬ ಹತ್ತುವವರು ಅವರು. ಆದರೆ ಕಾಡೊಳಗೆ ಲೈನ್ ಕಡಿದುಹೋಗುವ ಆ ದಿನಗಳಲ್ಲೇ ಹಳ್ಳ ತುಂಬಿ ಹರಿಯುತ್ತಿರುತ್ತದೆ.

ಏಪ್ರಿಲ್: ಬಿಚ್ಚಿ ನೋಡಿದ್ದು

ನೀರಿನ ಅಳತೆಯನ್ನು ಹಿಂದಿನ ಡಿಸೆಂಬರಿನಲ್ಲೇ ತೆಗೆದಿಟ್ಟಿದ್ದೆ. ಹಳ್ಳದ ನೀರನ್ನೆಲ್ಲ ಒಂದು ಕಡೆ ತಿರುಗಿಸಿ 200 ಲೀಟರಿನ ಡ್ರಮ್ಮಿಗೆ ಬಿಟ್ಟಾಗ ಅದು 34 ಸೆಕೆಂಡಿನಲ್ಲಿ ತುಂಬಿತು. ಅಂದರೆ ಸೆಕೆಂಡಿಗೆ ಆರು ಲೀಟರಿಗೆ ಚೂರು ಕಡಿಮೆ. ಬಕೆಟ್ಟಿನಲ್ಲಿ ಅಳೆಯಲು ಹೋದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ತುಂಬಿ ಲೆಕ್ಕ ತಪ್ಪುತ್ತದೆ, ಡ್ರಮ್ಮೇ ಬೇಕು. ಜುಲೈಯಲ್ಲಿ ಇದರ ಹತ್ತಾರು ಪಟ್ಟು ನೀರು ಬರುತ್ತದೆ. ಆ ಪ್ರವಾಹವನ್ನು ನೋಡಿ ದೊಡ್ಡ ಯಂತ್ರ ಹಾಕಿಸಿದವರು ಸೆಪ್ಟೆಂಬರಿನ ಹೊತ್ತಿಗೆ ಅದನ್ನು ಗೋಣಿ ಹೊದಿಸಿ ಇಡುತ್ತಾರೆ. ಯಂತ್ರದ ಅಳತೆಯನ್ನು ಡಿಸೆಂಬರಿನ ನೀರಿಗೆ ಹೊಂದಿಸಬೇಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಎತ್ತರ ಅಳೆಯಲು ಗಾರೆಯವರು ಮಟ್ಟ ನೋಡುವ ಪಾರದರ್ಶಕ ಕೊಳವೆ ಸಾಕು. ಬೆಟ್ಟದಿಂದ ಮನುಷ್ಯನ ಎತ್ತರದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದು ಕೂಡಿಸಿದಾಗ 32 ಮೀಟರ್ ಬಂತು. ಮುಂದೆ ಪೈಪು ತುಂಬಿ ವಾಲ್ವ್ ಮುಚ್ಚಿದಾಗ ಒತ್ತಡದ ಗೇಜ್ ತೋರಿಸಿದ್ದೂ 3.2 ಕೆ.ಜಿ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ, ಹಾಗಾಗಿ ಎರಡೂ ತಾಳೆಯಾದವು.

ಇನ್ನು ಯಂತ್ರ. ಅದು ಪೆಲ್ಟನ್ ಚಕ್ರ. 1880ರಲ್ಲಿ ಅಮೆರಿಕದ ಲೆಸ್ಟರ್ ಪೆಲ್ಟನ್ ಪೇಟೆಂಟ್ ಪಡೆದ ವಿನ್ಯಾಸ ಅದು, ಬೆಟ್ಟದ ನೀರಿಗೆ ಇಂದಿಗೂ ಅದೇ ಸರಿ. ಚಕ್ರದ ಸುತ್ತ ಜೋಡಿ ಬಟ್ಟಲುಗಳು, ಪ್ರತಿ ಜೋಡಿಯ ನಡುವೆ ಒಂದು ಏಣು. ನೀರಿನ ಧಾರೆ ಆ ಏಣಿಗೆ ಬಡಿದು, ಎರಡಾಗಿ ಸೀಳಿ, ಬಟ್ಟಲಿನಲ್ಲಿ ಹೊರಳಿ, ಬಂದ ದಿಕ್ಕಿಗೇ ಹಿಂತಿರುಗಿ ಬೀಳಬೇಕು. ಧಾರೆಯ ವೇಗದ ಅರ್ಧಕ್ಕಿಂತ ತುಸು ಕಡಿಮೆ ವೇಗದಲ್ಲಿ ಬಟ್ಟಲು ಓಡಿದರೆ ನೀರು ತನ್ನಲ್ಲಿರುವುದನ್ನೆಲ್ಲ ಕೊಟ್ಟು ಸುಸ್ತಾಗಿ ಕೆಳಗೆ ಬೀಳುತ್ತದೆ. ನಮ್ಮ ಚಕ್ರದಲ್ಲಿ ಏಣು ಎಂಬುದೇ ಉಳಿದಿರಲಿಲ್ಲ. ಮರಳು ಅದನ್ನು ತಿಂದು ಬೋಳು ಮಾಡಿತ್ತು. ಎರಡು ಬಟ್ಟಲುಗಳಲ್ಲಿ ತೂತು ಬಿದ್ದಿತ್ತು. 12.5 ಮಿ.ಮೀ. ಇರಬೇಕಾದ, ಧಾರೆ ಚಿಮ್ಮಿಸುವ ಮೂತಿಗಳಾದ ಎರಡು ನಾಜಲ್‌ಗಳ ಬಾಯಿ ಸವೆದು 14.5 ಆಗಿತ್ತು.

ಎರಡು ಮಿಲಿಮೀಟರ್ ಎಂದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಬಾಯಿಯ ವಿಸ್ತೀರ್ಣ ಮೂರನೇ ಒಂದು ಪಾಲು ಹಿಗ್ಗಿದಂತಾಯಿತು. ಮೇಲಿನ ಪೈಪು ಆ ದಿನಗಳಲ್ಲಿ 75 ಮಿ.ಮೀ.ನದು. ಅಷ್ಟು ನೀರನ್ನು ಅದರಲ್ಲಿ ನೂಕಿದರೆ ಒಳಗಿನ ಉಜ್ಜಾಟಕ್ಕೇ 8 ಮೀಟರಿನಷ್ಟು ಎತ್ತರ ಖರ್ಚಾಗುತ್ತದೆ. ಒತ್ತಡ ಬಿದ್ದು ಧಾರೆಯ ವೇಗ ಇಳಿಯುತ್ತದೆ, ಚಕ್ರ ನಿಧಾನವಾಗುತ್ತದೆ, ನೀರು ಮಾತ್ರ ಹೆಚ್ಚು ಸುರಿಯುತ್ತದೆ. ಚಿಕ್ಕಪ್ಪನ ಹಳೆಯ ನೋಟ್‌ಬುಕ್ಕಿನಲ್ಲಿ ವರ್ಷದಿಂದ ವರ್ಷಕ್ಕೆ “ದೀಪ ಮಂಕು” ಎಂದು ಬರೆದಿರುವುದಕ್ಕೆ ಕಾರಣ ಇಷ್ಟೇ.

ಮೂಲ ಕಾರಣ ಮೇಲೆ, ಹಳ್ಳದಲ್ಲಿತ್ತು. ಅಂದು ಹಾಕಿಕೊಟ್ಟವರು ಹಳ್ಳಕ್ಕೆ ಅಡ್ಡ ಹಾಕಿದ ಕಟ್ಟದಲ್ಲಿ ಪೈಪಿನ ಬಾಯಿಗೆ ಒಂದು ಸೊಳ್ಳೆ ಬಲೆ ಕಟ್ಟಿ ಹೋಗಿದ್ದರು. ಬಲೆಗೆ ಎಲೆ ಮೆತ್ತಿಕೊಂಡು ನೀರು ನಿಲ್ಲುತ್ತಿತ್ತು. ಬಲೆ ಹರಿದಾಗ ಎಲೆ, ಮರಳು, ಏಡಿ ಎಲ್ಲವೂ ನಾಜಲ್‌ವರೆಗೆ ಬರುತ್ತಿದ್ದವು. ನಾನು ಪೈಪಿನ ವ್ಯಾಸದ ಲೆಕ್ಕ ಹಾಕುತ್ತಾ ಕುಳಿತಿದ್ದಾಗ ಚಿಕ್ಕಪ್ಪ ಬಂದು, “ನಿನ್ನ ಲೆಕ್ಕ ಇರಲಿ ಮಾರಾಯ, ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಬೆಟ್ಟ ಹತ್ತಿ ಎಲೆ ತೆಗೆಯುವವರು ಯಾರು ಎಂದು ಮೊದಲು ಹೇಳು” ಎಂದರು. ಖರ್ಚಿನ ಮೊದಲ ಪಾಲು ಅಲ್ಲಿಗೇ ಹೋಯಿತು.

ಮೇ: ಎಲೆ, ಮರಳು, ಪೈಪು

ಕಟ್ಟದ ಪಕ್ಕದಲ್ಲಿ ಎರಡು ಅಂಕಣದ ಸಣ್ಣ ತೊಟ್ಟಿ ಕಟ್ಟಿಸಿದೆವು. ಮೊದಲ ಅಂಕಣದ ಮೇಲೆ ಒಂದು ಮಿ.ಮೀ. ತೂತುಗಳ ಸ್ಟೇನ್‌ಲೆಸ್ ಸ್ಟೀಲ್ ಹಾಳೆಯನ್ನು 45 ಡಿಗ್ರಿ ಇಳಿಜಾರಾಗಿ ಹಾಸಿದೆವು. ಕಟ್ಟದ ಅಂಚಿನಿಂದ ನೀರು ತೆಳುವಾಗಿ ಈ ಹಾಳೆಯ ಮೇಲೆ ಬೀಳುತ್ತದೆ. ನೀರು ತೂತಿನಲ್ಲಿ ಇಳಿಯುತ್ತದೆ, ಎಲೆ ಜಾರಿ ಹಳ್ಳಕ್ಕೆ ಹೋಗುತ್ತದೆ. ಹೆಚ್ಚುವರಿ ನೀರೂ ಹಾಗೆಯೇ ಹಾಳೆಯ ಮೇಲಿಂದ ಹರಿದು ಹಾಳೆಯನ್ನು ತೊಳೆಯುತ್ತದೆ. ಬಲೆಯನ್ನು ಪೈಪಿನ ಬಾಯಿಗೆ ಲಂಬವಾಗಿ ಕಟ್ಟಿದರೆ ನೀರಿನ ಎಳೆತಕ್ಕೆ ಎಲೆ ಅಲ್ಲೇ ಅಂಟುತ್ತದೆ. ಅದನ್ನೇ ಓರೆಯಾಗಿ ಮಲಗಿಸಿದರೆ ಅದು ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ವಸ್ತು ಈ ತಗಡು.

ಎರಡನೆಯ ಅಂಕಣ ಮರಳು ಕೂರಲು. ಸಣ್ಣ ಮರಳಿನ ಕಣ, ಸುಮಾರು 0.2 ಮಿ.ಮೀ.ನದು, ನಿಂತ ನೀರಿನಲ್ಲಿ ಸೆಕೆಂಡಿಗೆ ಎರಡು ಸೆಂಟಿಮೀಟರಿನಷ್ಟು ಇಳಿಯುತ್ತದೆ. ಆರು ಲೀಟರಿನ ಹರಿವಿಗೆ ಲೆಕ್ಕದ ಪ್ರಕಾರ ಚದರ ಮೀಟರಿನ ಮೂರನೇ ಒಂದು ಭಾಗ ಸಾಕು. ನೀರು ತೊಟ್ಟಿಯಲ್ಲಿ ಲೆಕ್ಕದ ಹಾಗೆ ಸಮನಾಗಿ ಹರಿಯುವುದಿಲ್ಲವಾದ್ದರಿಂದ ನಾವು ಒಂದೂಕಾಲು ಚದರ ಮೀಟರ್ ಕಟ್ಟಿಸಿದೆವು. ತಳದಲ್ಲಿ ಮೂರಿಂಚಿನ ಪೈಪು, ಅದಕ್ಕೊಂದು ಬಿರಡೆ. ವಾರಕ್ಕೊಮ್ಮೆ ಬಿರಡೆ ಕಿತ್ತರೆ ಮರಳು ತಾನೇ ಕೊಚ್ಚಿಹೋಗುತ್ತದೆ.

ಪೈಪು ಒಟ್ಟು 160 ಮೀಟರ್. 75ರ ಬದಲು 90 ಮಿ.ಮೀ. ಹಾಕಿದಾಗ, ಸವೆಯದ ನಾಜಲ್‌ನ ಹರಿವಿಗೆ, ಉಜ್ಜಾಟದ ನಷ್ಟ ಆರು ಮೀಟರಿನಿಂದ ಎರಡು ಮೀಟರ್ ಆಸುಪಾಸಿಗೆ ಇಳಿಯುತ್ತದೆ. 110 ಹಾಕಿದ್ದರೆ ಇನ್ನೊಂದು ಮೀಟರಿಗಿಂತ ತುಸು ಹೆಚ್ಚು ಉಳಿಯುತ್ತಿತ್ತು. ಅದಕ್ಕಾಗಿ ತೆರಬೇಕಾದ ಹಣ ನೋಡಿ 90ಕ್ಕೇ ನಿಲ್ಲಿಸಿದೆ. ಒಟ್ಟು ಖರ್ಚಿನಲ್ಲಿ ಅರ್ಧ ಪೈಪಿಗೇ ಹೋಗಿದೆ. ಟರ್ಬೈನ್ ದುಬಾರಿ ಎನ್ನುವವರು ಪೈಪಿನ ಅಂಗಡಿಗೆ ಹೋಗಿ ಬಂದಿರುವುದಿಲ್ಲ.

ಅಂಗಡಿಯವರು 4 ಕೆ.ಜಿ. ಪೈಪು ಸಾಕು ಎಂದರು. ನಿಂತ ಒತ್ತಡ 3.2 ಕೆ.ಜಿ. ಇರುವುದರಿಂದ ಮಾತು ಸರಿಯೆಂದೇ ತೋರುತ್ತದೆ. ಆದರೆ ಹರಿಯುವ ನೀರನ್ನು ಥಟ್ಟನೆ ನಿಲ್ಲಿಸಿದರೆ ಅದು ಪೈಪಿನೊಳಗೇ ಗುದ್ದುತ್ತದೆ. ಪಿವಿಸಿ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿರುವ ನೀರನ್ನು ಒಮ್ಮೆಲೇ ತಡೆದರೆ ಸುಮಾರು 40 ಮೀಟರ್ ಎತ್ತರಕ್ಕೆ ಸಮನಾದ ಒತ್ತಡ ಹೆಚ್ಚುವರಿಯಾಗಿ ಹುಟ್ಟುತ್ತದೆ. ಇರುವ 32ಕ್ಕೆ ಅದು ಸೇರಿದರೆ 6 ಕೆ.ಜಿ. ಪೈಪಿಗೂ ಮೀರಿದ ಒತ್ತಡ. ಆದ್ದರಿಂದ 6 ಕೆ.ಜಿ. ಪೈಪು ಹಾಕಿ, ಅದರ ಕೊನೆಗೆ ಚಕ್ರ ತಿರುಗಿಸುತ್ತಾ ನಿಧಾನವಾಗಿ ಮುಚ್ಚುವ ಗೇಟ್ ವಾಲ್ವ್ ಕೂರಿಸಿದೆವು. ಒಂದೇ ತಿರುವಿಗೆ ಮುಚ್ಚುವ ಬಾಲ್ ವಾಲ್ವನ್ನು ಇಲ್ಲಿ ಯಾರೂ ಹಾಕಬಾರದು. ಯಂತ್ರವನ್ನು ತುರ್ತಾಗಿ ನಿಲ್ಲಿಸಬೇಕಾದಾಗ ವಾಲ್ವ್ ಮುಟ್ಟುವುದೇ ಇಲ್ಲ. ನಾಜಲ್ ಎದುರಿಗೆ ಸನ್ನೆಗೋಲಿನಿಂದ ಇಳಿಯುವ ಒಂದು ದಪ್ಪ ತಗಡಿದೆ, ಅದು ಧಾರೆಯನ್ನು ಚಕ್ರದಿಂದ ಪಕ್ಕಕ್ಕೆ ತಿರುಗಿಸುತ್ತದೆ.

ತೊಟ್ಟಿಯಿಂದ ಹೊರಟ ಕೂಡಲೇ ಪೈಪಿಗೆ ಒಂದು ಗಾಳಿ ಕೊಳವೆ ನಿಲ್ಲಿಸಿದ್ದೇವೆ. ಬಾಯಿ ಕಟ್ಟಿ ಕೆಳಗಿನ ನೀರು ಇಳಿದುಹೋದರೆ ಪೈಪು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ, ಅದನ್ನು ತಡೆಯಲು. ಬಾಗುವ ಎರಡು ಕಡೆ ಕಾಂಕ್ರೀಟಿನ ಗಟ್ಟಿ, ಉಳಿದಂತೆ ಪೂರ್ತಿ ಮಣ್ಣಿನಡಿ. ಬಿಸಿಲಿಗೆ ಬಿದ್ದ ಹಳೆಯ ಪೈಪು ಹಪ್ಪಳದಂತೆ ಮುರಿಯುತ್ತಿತ್ತು.

ಮೃಗಶಿರಾ ಮಳೆಗೆ ಮುನ್ನ: ಚಕ್ರ ಮತ್ತು ಮೋಟಾರ್

ಬಟ್ಟಲುಗಳನ್ನು ಶಿವಮೊಗ್ಗದಲ್ಲಿ ಗನ್‌ಮೆಟಲ್‌ನಲ್ಲಿ ಎರಕ ಹೊಯ್ಯಿಸಿದೆ. ಹಳೆಯ ಬಟ್ಟಲಿನಲ್ಲಿ ಚೆನ್ನಾಗಿದ್ದ ಒಂದಕ್ಕೆ ಮೇಣ ತುಂಬಿ ಏಣು ತಿದ್ದಿ ಅದನ್ನೇ ಮಾದರಿ ಮಾಡಿದೆವು. ಲೇತಿನಲ್ಲಿ ಬ್ಯಾಲೆನ್ಸ್ ನೋಡಿದ ಮೇಲೆ ಪ್ರತಿ ಏಣನ್ನೂ ಅರದಿಂದ ಉಜ್ಜಿ ಚೂಪು ಮಾಡುವುದು ಮನೆಯ ಕೆಲಸ. ಬೇಸರದ ಕೆಲಸವೇ, ಆದರೆ ಏಣು ಮೊಂಡಾಗಿದ್ದರೆ ಧಾರೆ ಸೀಳದೆ ಚಿಮ್ಮುತ್ತದೆ.

30 ಮೀಟರ್ ಒತ್ತಡದಲ್ಲಿ ಧಾರೆ ಸೆಕೆಂಡಿಗೆ 23 ಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಹೊರಡುತ್ತದೆ. ಚಕ್ರದ ವ್ಯಾಸ, ಬಟ್ಟಲಿನ ನಡುವಿನಿಂದ ನಡುವಿಗೆ, 200 ಮಿ.ಮೀ. ಅದು ನಿಮಿಷಕ್ಕೆ 1030 ಸುತ್ತಿನ ಹತ್ತಿರ ತಿರುಗಿದರೆ ಸರಿಯಾದ ವೇಗ. ಜನರೇಟರಿಗೆ ಬೇಕಾದದ್ದು 1550. ಚಕ್ರದ ಕಡೆ ಆರಿಂಚಿನ ಪುಲ್ಲಿ, ಮೋಟಾರಿನ ಕಡೆ ನಾಲ್ಕಿಂಚಿನದು. ಎರಡು ವಿ-ಬೆಲ್ಟ್.

ಮೋಟಾರ್ ಎಂದದ್ದು ಬಾಯಿತಪ್ಪಿ ಅಲ್ಲ. ಇಲ್ಲಿ ಜನರೇಟರ್ ಆಗಿರುವುದು 2 ಎಚ್‌.ಪಿ.ಯ ಸಾಮಾನ್ಯ ತ್ರೀ ಫೇಸ್ ಮೋಟಾರ್. ಕರೆಂಟ್ ಕೊಟ್ಟರೆ ಅದು 1500ಕ್ಕಿಂತ ತುಸು ನಿಧಾನವಾಗಿ ತಿರುಗುತ್ತದೆ. ನಾವೇ ಅದನ್ನು 1500ಕ್ಕಿಂತ ತುಸು ಜೋರಾಗಿ ತಿರುಗಿಸಿ, ಕೆಪಾಸಿಟರ್ ಜೋಡಿಸಿದರೆ ಅದೇ ಕರೆಂಟ್ ಕೊಡುತ್ತದೆ. ಬ್ರಷ್ ಇಲ್ಲ, ಸ್ಲಿಪ್ ರಿಂಗ್ ಇಲ್ಲ, ಕೆಟ್ಟರೆ ಹೊಸನಗರದಲ್ಲೇ ವೈಂಡಿಂಗ್ ಮಾಡುವವರಿದ್ದಾರೆ. ಇಂಥ ಕಡೆ ಇರಬೇಕಾದ ಗುಣ ಅದೇ. ಕಾರಿನ 12 ವೋಲ್ಟಿನ ಆಲ್ಟರ್ನೇಟರ್ ಹಾಕಬಹುದಲ್ಲ ಎಂದು ಪಕ್ಕದ ಮನೆಯ ಹುಡುಗ ಕೇಳಿದ. ಟರ್ಬೈನಿನಿಂದ ಮನೆಗೆ 220 ಮೀಟರ್ ತಂತಿ ಇದೆ. 240 ವೋಲ್ಟಿನಲ್ಲಿ ಮೂರು ಆಂಪಿಯರ್ ಕಳಿಸಿದರೆ 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಹತ್ತು ವೋಲ್ಟ್ ಕಳೆದುಹೋಗುತ್ತದೆ, ಪರವಾಗಿಲ್ಲ. ಅಷ್ಟೇ ಶಕ್ತಿಯನ್ನು 12 ವೋಲ್ಟಿನಲ್ಲಿ ಕಳಿಸಲು 60 ಆಂಪಿಯರ್ ಬೇಕು. ಅದಕ್ಕೆ ಬೇಕಾದ ತಾಮ್ರದ ಬೆಲೆಗೆ ತೋಟದಲ್ಲಿ ಒಂದು ವರ್ಷದ ಅಡಿಕೆ ಮಾರಬೇಕಾದೀತು.

ಎರಡು ಮಳೆಗಾಲ ಶೀತದಲ್ಲಿ ಕುಳಿತ ಮೋಟಾರನ್ನು, ಇನ್ಸುಲೇಷನ್ ಅಳೆಯುವ ಮೀಟರಾದ ಮೆಗ್ಗರ್ ಹಿಡಿದು ನೋಡಿದಾಗ ಇನ್ಸುಲೇಷನ್ 0.3 ಮೆಗಾ ಓಮ್. ಒಂದಕ್ಕಿಂತ ಕಡಿಮೆ ಇದ್ದರೆ ಮುಟ್ಟಲೇಬಾರದು. ಒಂದು ಮರದ ಪೆಟ್ಟಿಗೆಯಲ್ಲಿ ಅದನ್ನಿಟ್ಟು 100 ವಾಟಿನ ಹಳೆಯ ಬಲ್ಬ್ ಉರಿಸಿ ಬಾಣಂತಿಯ ಆರೈಕೆ ಮಾಡಿದ ಮೇಲೆ ಏಳಕ್ಕೆ ಏರಿತು. ಬೇರಿಂಗ್ ಎರಡೂ ಹೊಸದು.

ಇನ್ನು ಕೆಪಾಸಿಟರ್. ಮನೆಗೆ ಬೇಕಾದದ್ದು ಸಿಂಗಲ್ ಫೇಸ್. ಮೋಟಾರಿನ ಮೂರು ವೈಂಡಿಂಗಿನ ತುದಿಗಳು ಒಂದೆಡೆ ಸೇರುವ ಸ್ಟಾರ್ ಜೋಡಣೆಯನ್ನು ಬಿಚ್ಚಿ, ಅವನ್ನು ತ್ರಿಕೋನದಂತೆ ಸೇರಿಸುವ ಡೆಲ್ಟಾ ಮಾಡಿದರೆ 240 ವೋಲ್ಟಿಗೆ ಬರುತ್ತದೆ. ಒಂದು ಫೇಸಿಗೆ 25 ಮೈಕ್ರೋಫ್ಯಾರಡ್, ಇನ್ನೊಂದಕ್ಕೆ ಅದರ ಎರಡರಷ್ಟು, 50, ಮೂರನೆಯದಕ್ಕೆ ಏನೂ ಇಲ್ಲ. ಹೀಗೆ ಜೋಡಿಸಿ ಮೋಟಾರಿನ ಶಕ್ತಿಯ 80 ಶೇಕಡಾವರೆಗೆ ಒಂದೇ ಫೇಸಿನಲ್ಲಿ ತೆಗೆಯಬಹುದು, ನಮಗೆ ಅದರಲ್ಲಿ ಮುಕ್ಕಾಲು ಸಾಕು. 50ರದ್ದು ಯಾವ ಫೇಸಿಗೆ ಎಂಬುದು ತಿರುಗುವ ದಿಕ್ಕಿನ ಮೇಲೆ ನಿಂತಿದೆ. ಉಲ್ಟಾ ಆದರೆ ಮೋಟಾರ್ ಗುಂಯ್‌ಗುಟ್ಟಿ ಕಾಯುತ್ತದೆ. ಲೋಡ್ ಹಾಕಿ ಮೂರೂ ವೈಂಡಿಂಗಿನ ಆಂಪಿಯರನ್ನು ಕ್ಲಾಂಪ್ ಮೀಟರಿನಲ್ಲಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ, ಹೆಚ್ಚುಕಡಿಮೆ ಸಮ ಇರಬೇಕು. ಕೆಪಾಸಿಟರ್ ಕೊಳ್ಳುವಾಗ ‘ರನ್’ ಜಾತಿಯದನ್ನೇ ಕೇಳಬೇಕು. ‘ಸ್ಟಾರ್ಟ್’ ಜಾತಿಯದು ನಿರಂತರ ಓಟಕ್ಕೆ ಸಿಡಿಯುತ್ತದೆ.

ಆರಿದ್ರಾ: ನೀರು ಬಿಟ್ಟಿದ್ದು

ಮೃಗಶಿರಾ ಈ ಸಲ ಕೈಕೊಟ್ಟಿತು, ಆರಿದ್ರಾ ಬಡ್ಡಿ ಸಮೇತ ತೀರಿಸಿತು. ಹಳ್ಳ ಕೆಂಪಾಗಿ ಇಳಿದು ತಿಳಿಯಾಗುವವರೆಗೆ ಕಾದು ವಾಲ್ವ್ ತೆರೆದೆವು. ಚಕ್ರ ತಿರುಗಿತು, ವೇಗ ಸರಿಯಿತ್ತು, ವೋಲ್ಟ್ ಮೀಟರ್ ಮಾತ್ರ ಸೊನ್ನೆಯಲ್ಲೇ ನಿಂತಿತ್ತು. ಚಿಕ್ಕಮ್ಮ ದೇವರಿಗೆ ಕಾಯಿ ಒಡೆಯದೆ ಶುರು ಮಾಡಿದ್ದಕ್ಕೆ ಹೀಗಾಯಿತು ಎಂದರು. ಇಂಥ ಜನರೇಟರಿಗೆ ಮೊದಲ ಕಿಡಿ ಬರುವುದು ರೋಟರಿನ ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತೆಯಿಂದ. ವರ್ಷಗಟ್ಟಲೆ ಸುಮ್ಮನೆ ಕುಳಿತರೆ ಅದು ಮಾಸಿಹೋಗುತ್ತದೆ. ಚಕ್ರ ನಿಲ್ಲಿಸಿ, ಕೆಪಾಸಿಟರ್ ಬಿಚ್ಚಿ, 12 ವೋಲ್ಟಿನ ಬ್ಯಾಟರಿಯ ತಂತಿಯನ್ನು ಒಂದು ವೈಂಡಿಂಗಿಗೆ ಕೆಲವು ಸೆಕೆಂಡ್ ಮುಟ್ಟಿಸಿ ಮತ್ತೆ ಓಡಿಸಿದಾಗ ಮುಳ್ಳು ಸರ್ರನೆ ಏರಿತು. ಕಾಯಿಯನ್ನೂ ಒಡೆದೆವು.

ಸಿಡಿಲಿಗೆ ಸುಟ್ಟ ಕಂಟ್ರೋಲರಿನ ಬದಲು ಹೊಸದು ತರಿಸಿದ್ದೆ. ಅದರ ಕೆಲಸ ಸರಳ. ಹಳ್ಳ ಒಂದೇ ಸಮ ಶಕ್ತಿ ಕೊಡುತ್ತದೆ, ಮನೆಯವರು ದೀಪ ಹಾಕುತ್ತಾರೆ, ಆರಿಸುತ್ತಾರೆ. ಲೋಡ್ ಇಳಿದರೆ ಚಕ್ರ ಓಟ ಕಿತ್ತು ವೋಲ್ಟೇಜ್ ಏರಿ ಟಿವಿ, ಫ್ರಿಜ್ ಸುಡುತ್ತವೆ. ಕಂಟ್ರೋಲರ್ ವೋಲ್ಟೇಜನ್ನು ಗಮನಿಸುತ್ತಾ, ಮನೆ ಬಳಸದೆ ಬಿಟ್ಟದ್ದನ್ನು ಒಂದು ಹೀಟರಿಗೆ ಕಳಿಸುತ್ತದೆ. ನಮ್ಮ 1000 ವಾಟಿನ ಹೀಟರ್ ಬಚ್ಚಲುಮನೆಯ ನೂರು ಲೀಟರಿನ ನೀರಿನ ಟ್ಯಾಂಕಿನಲ್ಲಿದೆ. 700 ವಾಟ್ ಪೂರ್ತಿ ಅದಕ್ಕೇ ಹೋದರೆ ನೀರು ಗಂಟೆಗೆ ಆರು ಡಿಗ್ರಿ ಕಾಯುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಶುರುವಾದ ಕೆಲಸ ಬೆಳಿಗ್ಗೆ ಐದಕ್ಕೆ ಮುಗಿದಿರುತ್ತದೆ. ಬಚ್ಚಲೊಲೆಗೆ ಮಳೆಗಾಲದ ಹಸಿ ಸೌದೆ ಒಟ್ಟಿ, ಊದಿ, ಕಣ್ಣು ಕೆಂಪು ಮಾಡಿಕೊಳ್ಳುವುದು ನಿಂತಿದೆ. ಅಮ್ಮನ ಕೆಮ್ಮು ಈ ಆಷಾಢದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಟರ್ಬೈನಿಗೇ ಅದರ ಪುಣ್ಯ ಕಟ್ಟುವುದು ಹೆಚ್ಚಾದೀತು, ಆದರೂ ಹೊಗೆ ಇಲ್ಲದ ಬಚ್ಚಲು ಹೊಗೆ ಇಲ್ಲದ ಬಚ್ಚಲೇ.

ಟ್ಯಾಂಕಿನಲ್ಲಿ ನೀರು ಕಡಿಮೆಯಾದರೆ ಹೀಟರ್ ಸುಟ್ಟು, ಕಂಟ್ರೋಲರಿಗೆ ಶಕ್ತಿ ಸುರಿಯಲು ಜಾಗವೇ ಇಲ್ಲದಾಗುತ್ತದೆ. ಅದಕ್ಕೆ ಟ್ಯಾಂಕಿಗೆ ಫ್ಲೋಟ್ ವಾಲ್ವ್, ಜೊತೆಗೆ ಟರ್ಬೈನ್ ಗೂಡಿನಲ್ಲಿ ಗಾಳಿಯಲ್ಲೇ ಕಾಯುವ ಇನ್ನೊಂದು ಕಾಯಿಲ್. ಬಚ್ಚಲು ಮತ್ತು ಕರೆಂಟ್ ಒಂದೆಡೆ ಇರುವಲ್ಲಿ ಅರ್ತಿಂಗ್ ಹಾಗೂ ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಇಲ್ಲದೆ ಸ್ವಿಚ್ ಒತ್ತಬಾರದು. ಕಂಟ್ರೋಲರಿನ ಎರಡೂ ಬದಿಗೆ ಸಿಡಿಲು ತಡೆಯುವ ಬಿಲ್ಲೆ ಹಾಕಿದ್ದೇವೆ, ಸಿಡಿಲು ಜೋರಾದರೆ ತಂತಿಯನ್ನೇ ಕಳಚಿಡುತ್ತೇವೆ.

ಸರ್ಕಾರಿ ಲೈನನ್ನು ಕಡಿಸಿಲ್ಲ. ಎರಡರ ನಡುವೆ ಚೇಂಜ್‌ಓವರ್ ಸ್ವಿಚ್ ಇದೆ, ಒಂದು ಇದ್ದರೆ ಇನ್ನೊಂದಿಲ್ಲ. ನಮ್ಮ ಹಳ್ಳದ ಕರೆಂಟ್ ತಪ್ಪಿ ಲೈನಿಗೆ ಹೋದರೆ ಕಂಬದ ಮೇಲಿರುವವರ ಜೀವಕ್ಕೆ ಅಪಾಯ. ಈ ಸ್ವಿಚ್ಚಿನಲ್ಲಿ ಉಳಿತಾಯ ಮಾಡುವವರನ್ನು ನಾನು ಮನೆಗೆ ಕರೆಯುವುದಿಲ್ಲ.

ಪುನರ್ವಸು: ಲೆಕ್ಕ

ಎರಡೂ ನಾಜಲ್ ತೆರೆದಾಗ ಮನೆಯ ಮೀಟರಿನಲ್ಲಿ 232 ವೋಲ್ಟ್, 3.1 ಆಂಪಿಯರ್. ಸುಮಾರು 720 ವಾಟ್. ನೀರಿನಲ್ಲಿ ಇದ್ದದ್ದು 1700 ವಾಟ್, ಉಳಿದದ್ದು ಚಕ್ರ, ಬೆಲ್ಟ್, ಮೋಟಾರ್, ತಂತಿಗಳ ಪಾಲಾಯಿತು. ಇಷ್ಟು ಸಣ್ಣ ಯಂತ್ರಕ್ಕೆ ಇದು ಮರ್ಯಾದೆಯ ಅಂಕಿ. ಏಳುನೂರು ವಾಟ್ ಎಂದರೆ ಒಂದು ಇಸ್ತ್ರಿ ಪೆಟ್ಟಿಗೆಗೂ ಸಾಲದು ಎಂದು ಭಾವ ನಕ್ಕರು. ಆದರೆ ಇದು ಹಗಲು ರಾತ್ರಿ ಬಿಡದೆ ಬರುವ ಏಳುನೂರು, ದಿನಕ್ಕೆ 17 ಯೂನಿಟ್. ಒಂದು ಕಿಲೋವಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟೀತು, ಪುನರ್ವಸುವಿನಲ್ಲಿ ಅದರ ಗತಿ ಹೇಳಬೇಕಾಗಿಲ್ಲ. ಇಲ್ಲಿ ಬ್ಯಾಟರಿಯೂ ಬೇಡ.

ದೀಪ, ಫ್ಯಾನ್, ಟಿವಿ, ಇಂಟರ್‌ನೆಟ್ ಪೆಟ್ಟಿಗೆ, ಮಿಕ್ಸಿ, ಚಿಕ್ಕ ಫ್ರಿಜ್ ನಡೆಯುತ್ತವೆ. ಮಿಕ್ಸಿ ಹಾಕಿದಾಗ ಬಚ್ಚಲಿನ ಹೀಟರ್ ತಾನೇ ತಗ್ಗುತ್ತದೆ. ಪಂಪ್‌ಸೆಟ್, ಇಂಡಕ್ಷನ್ ಒಲೆ ನಡೆಯುವುದಿಲ್ಲ. ಮೋಟಾರುಗಳು ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತವೆ. ಹಾಗೆ ಎಳೆದರೆ ನಮ್ಮ ಜನರೇಟರ್ ವೋಲ್ಟೇಜ್ ಬಿಟ್ಟು ಸುಮ್ಮನಾಗುತ್ತದೆ. ಸುಡುವುದಿಲ್ಲ, ಮುನಿಸಿಕೊಳ್ಳುತ್ತದೆ. ಲೋಡ್ ತೆಗೆದು ಮತ್ತೆ ಎಬ್ಬಿಸಬೇಕು.

ಟರ್ಬೈನಿನಿಂದ ಹೊರಬಿದ್ದ ನೀರು ತೋಟದ ಬಸಿಗಾಲುವೆಯಲ್ಲಿ ಹರಿದು ಮತ್ತೆ ಅದೇ ಹಳ್ಳ ಸೇರುತ್ತದೆ, ಕೆಳಗಿನ ಗದ್ದೆಯವರ ಪಾಲಿಗೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಆದರೆ ನಡುವಿನ ಆ ತುಂಡು ಹಳ್ಳ ಇದೆಯಲ್ಲ, ಡಿಸೆಂಬರಿನಲ್ಲಿ ಎರಡೂ ನಾಜಲ್ ಓಡಿಸಿದರೆ ಅದು ಒಣಗುತ್ತದೆ. ಏಡಿ, ಕಪ್ಪೆ, ಮೀನಿನ ಮರಿಗಳ ಪಾಲನ್ನು ತಿನ್ನುವ ಮನಸ್ಸಿಲ್ಲ. ಆಗ ಒಂದು ನಾಜಲ್ ಮುಚ್ಚಿ 350 ವಾಟಿನಲ್ಲಿ ಸುಧಾರಿಸುವುದು, ಫೆಬ್ರವರಿಯಿಂದ ಮೇವರೆಗೆ ಲೈನಿನ ಕರೆಂಟೇ ಗತಿ. ತಾವು ಪೂರ್ತಿ ಸ್ವಾವಲಂಬಿ ಎಂದು ಯಾರಾದರೂ ಹೇಳಿದರೆ ನಾನು ಈಗ ಯಾವ ತಿಂಗಳಲ್ಲಿ ಎಂದು ಕೇಳುತ್ತೇನೆ.

ಬಾಕಿ ಇರುವ ಕೆಲಸಗಳು: ಟರ್ಬೈನ್ ಗೂಡಿನ ಒಳಗೆ ಚಿಮ್ಮುವ ನೀರು ಬೆಲ್ಟಿಗೆ ತಾಗುತ್ತಿದೆ, ಅದಕ್ಕೊಂದು ರಬ್ಬರ್ ಪರದೆ ಬೇಕು. ಗಾಳಿಯಲ್ಲಿ ಕಾಯುವ ಕಾಯಿಲಿನ ಸುತ್ತ ಕಬ್ಬಿಣದ ಜಾಲರಿಯ ಕಪಾಟು ಮಾಡಿಸಿದರೆ ಒದ್ದೆ ಬಟ್ಟೆ ಒಣಗಿಸಬಹುದು ಎಂದು ಚಿಕ್ಕಮ್ಮ ಆಗಲೇ ಅಳತೆ ಕೊಟ್ಟಿದ್ದಾರೆ. ಬೇಸಿಗೆಯ ನಾಲ್ಕು ತಿಂಗಳಿಗೆ ಎರಡು ಸೋಲಾರ್ ಪ್ಯಾನೆಲ್ಲಿನ ದರ ವಿಚಾರಿಸಿದ್ದೇನೆ, ಅಡಿಕೆ ಮಾರಿದ ಮೇಲೆ ನೋಡಬೇಕು.